ಒಂದೇ ಪಾತ್ರೆ ಕಷಾಯ, ನಾಲ್ಕು ಥರದ ಲೋಟ

ಮಳೆಗಾಲ ಶುರುವಾಯಿತೆಂದರೆ ನಮ್ಮ ಆಫೀಸಿನ ಆನ್‌ಲೈನ್ ಮೀಟಿಂಗ್‌ಗಳಲ್ಲಿ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸುತ್ತೆ. ಒಬ್ಬರು ಮ್ಯೂಟ್ ತೆಗೆದು "ಸಾರಿ, ಗಂಟಲು ಸರಿ ಇಲ್ಲ" ಅಂದರೆ ಇನ್ನೊಬ್ಬರು "ನಮ್ಮನೇಲೂ ಎಲ್ಲರಿಗೂ ಅದೇ" ಅಂತಾರೆ. ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ತಲೆ ಎತ್ತುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಮತ್ತು ಅದು ಮುಗಿಯುವ ಹೊತ್ತಿಗೆ ಮತ್ತೊಮ್ಮೆ. ಇವೆರಡರ ನಡುವೆ ಸಾಮಾನ್ಯ ನೆಗಡಿಯಂತೂ ಕ್ಯಾಲೆಂಡರ್ ನೋಡಿ ಬರುವುದಿಲ್ಲ.

ಇಂಥ ದಿನಗಳಲ್ಲಿ ಕನ್ನಡದ ಮನೆಗಳಲ್ಲಿ ಒಲೆ ಮೇಲೆ ಏರುವ ಮೊದಲ ಪಾತ್ರೆ ಕಷಾಯದ್ದು. ನನ್ನ ತವರು ಸಾಗರದ ಕಡೆ. ಅಲ್ಲಿ ಕಷಾಯ ಅಂದರೆ ಔಷಧಿಯೇ ಆಗಬೇಕೆಂದಿಲ್ಲ. ಕಾಫಿಯ ಬದಲು ಹಾಲು, ಬೆಲ್ಲ ಹಾಕಿ ಸಂಜೆ ಹೊತ್ತು ಕುಡಿಯುವ ಪೇಯವೂ ಹೌದು. ಮದುವೆಯಾಗಿ ಬಂದದ್ದು ಮಂಡ್ಯ ಕಡೆಯ ಮನೆಗೆ. ಇಲ್ಲಿ ಕಷಾಯ ಅಂದರೆ ಖಾರವಾಗಿ, ಕಪ್ಪಗೆ, ಮೂಗು ಹಿಡಿದುಕೊಂಡು ಕುಡಿಯುವಂಥದ್ದು. ಎರಡೂ ಮನೆಯ ರುಚಿ ಸೇರಿಸಿ ನಾನು ಈಗ ಪ್ರತಿ ವರ್ಷ ಜೂನ್‌ನಲ್ಲಿ ಒಂದು ಡಬ್ಬಿ ಕಷಾಯ ಪುಡಿ, ಒಂದು ಬಾಟಲಿ ಶುಂಠಿ ಪಾಕ ಮಾಡಿಟ್ಟುಕೊಳ್ಳುತ್ತೇನೆ. ಮಾಡುವುದು ಕಷ್ಟವೇನಲ್ಲ. ಆದರೆ ಅದೇ ಕಷಾಯವನ್ನು ಮನೆಯವರಿಗೆಲ್ಲ ಒಂದೇ ಥರ ಬಗ್ಗಿಸಿ ಕೊಡುವಂತಿಲ್ಲ ಅನ್ನೋದು ನಮಗೆ 2025ರ ದೀಪಾವಳಿಯಲ್ಲಿ ಚೆನ್ನಾಗಿ ಅರ್ಥವಾಯಿತು. ಹಬ್ಬಕ್ಕೆ ಸೇರಿದ್ದ ಮನೆಯಲ್ಲಿ ನಾನು, ನನ್ನ ಗಂಡ, ಮೂರು ವರ್ಷದ ಮಗಳು, ಬಿಪಿ ಮಾತ್ರೆ ತಗೊಳ್ಳುವ ಮಾವ, ಎಂಟು ತಿಂಗಳ ಕೂಸಿನ ಜೊತೆ ಬಂದ ನಾದಿನಿ, ಎಲ್ಲರ ಯಜಮಾನಿಕೆ ವಹಿಸಿಕೊಂಡ ಅತ್ತೆ. ಮೂರೇ ದಿನಕ್ಕೆ ಎಲ್ಲರ ಮೂಗೂ ಸೋರತೊಡಗಿತು.

ಸಿರಪ್ ಬಾಟಲಿ ಕಂಡರೆ ಭಯ

ಆ ದೀಪಾವಳಿಯ ಹೊತ್ತಿಗೆ ಮಕ್ಕಳಿರುವ ಯಾವ ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೈಕೊಟ್ಟು ತೀರಿಕೊಂಡ ಸುದ್ದಿ ಆಗಷ್ಟೇ ಬಂದಿತ್ತು. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಸಿಕ್ಕಿತ್ತು. ಅಕ್ಟೋಬರ್‌ನಲ್ಲೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಒಂದು ಸಲಹೆ ಹೊರಡಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಬರೆದುಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ. ಅದಕ್ಕೂ ಮೊದಲು, 2023ರ ಡಿಸೆಂಬರ್‌ನಲ್ಲಿ, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಔಷಧ ನಿಯಂತ್ರಕರು ಹೇಳಿದ್ದರು.

ಕಲಬೆರಕೆ ಒಂದು ವಿಷಯ. ಅದು ಇಲ್ಲದಿದ್ದರೂ, ಚಿಕ್ಕ ಮಕ್ಕಳ ನೆಗಡಿ-ಕೆಮ್ಮಿಗೆ ಈ ಸಿರಪ್‌ಗಳಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ, ಅಡ್ಡ ಪರಿಣಾಮ ಮಾತ್ರ ಇದೆ ಅನ್ನುವುದು ಈ ಸಲಹೆಗಳ ಹಿಂದಿನ ಕಾರಣ. ಮಕ್ಕಳ ಕೆಮ್ಮು ಹೆಚ್ಚಿನ ಸಲ ವೈರಸ್‌ನಿಂದ ಬರುವಂಥದ್ದು, ತಾನಾಗೇ ಇಳಿಯುವಂಥದ್ದು.

ಹಾಗಾಗಿ ನಮ್ಮ ಅಪಾರ್ಟ್‌ಮೆಂಟಿನ ಅಮ್ಮಂದಿರ ವಾಟ್ಸ್ಯಾಪ್ ಗ್ರೂಪ್ ತುಂಬ ಒಂದೇ ಪ್ರಶ್ನೆ: "ಮನೇಲೇ ಸಿರಪ್ ಮಾಡ್ಕೊಳ್ಳೋದು ಹೇಗೆ?" ಉತ್ತರಗಳೂ ಸಾಲುಸಾಲಾಗಿ ಬಂದವು. ಅದರಲ್ಲಿ ಒಳ್ಳೆಯವೂ ಇದ್ದವು, ಎದೆ ಝಲ್ಲೆನಿಸುವಂಥವೂ ಇದ್ದವು. ಮೊದಲು ಮಾಡುವ ವಿಧಾನ ಹೇಳಿಬಿಡುತ್ತೇನೆ. ಯಾರಿಗೆ ಎಷ್ಟು, ಯಾರಿಗೆ ಬೇಡ ಅನ್ನುವುದು ಆಮೇಲೆ.

ಡಬ್ಬಿಯಲ್ಲಿಡುವ ಕಷಾಯ ಪುಡಿ

ಇದು ಅಮ್ಮನ ಅಳತೆ. ಒಂದು ಕಪ್ ಕೊತ್ತಂಬರಿ ಬೀಜ, ಅರ್ಧ ಕಪ್ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಎರಡು ಚಿಕ್ಕ ಚಮಚ ಬಡೇಸೋಪು, ಒಂದು ಚಿಕ್ಕ ಚಮಚ ಮೆಂತ್ಯ, ಆರೇಳು ಏಲಕ್ಕಿ, ಒಂದು ದೊಡ್ಡ ಚಮಚ ಒಣಶುಂಠಿ ಪುಡಿ, ಅರ್ಧ ಚಿಕ್ಕ ಚಮಚ ಅರಿಶಿನ, ಚಿಟಿಕೆಯಷ್ಟು ತುರಿದ ಜಾಯಿಕಾಯಿ.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದೊಂದನ್ನೇ ಬೇರೆ ಬೇರೆ ಹುರಿಯಿರಿ. ಎಲ್ಲ ಒಟ್ಟಿಗೆ ಸುರಿದರೆ ಜೀರಿಗೆ ಸೀಯುವ ಹೊತ್ತಿಗೂ ಕೊತ್ತಂಬರಿ ಹಸಿಯಾಗೇ ಇರುತ್ತೆ. ಮೆಂತ್ಯ ಕೆಂಪಾಗಬೇಕು, ಕಪ್ಪಾದರೆ ಇಡೀ ಪುಡಿ ಕಹಿ. ಜೀರಿಗೆ ಚಟಪಟ ಅಂದರೆ ಸಾಕು, ಕೊತ್ತಂಬರಿ ಘಮ ಬಂದರೆ ಸಾಕು. ಏಲಕ್ಕಿ, ಒಣಶುಂಠಿ, ಅರಿಶಿನ, ಜಾಯಿಕಾಯಿ ಹುರಿಯುವುದು ಬೇಡ. ಎಲ್ಲವೂ ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ ಒಣಗಿದ ಗಾಜಿನ ಬಾಟಲಿಗೆ ತುಂಬಿಡಿ. ಬಿಸಿ ಇರುವಾಗಲೇ ಮುಚ್ಚಿಟ್ಟರೆ ಒಳಗೆ ಬೆವರಿ, ಮಳೆಗಾಲ ಮುಗಿಯುವುದರೊಳಗೆ ಬೂಸ್ಟು ಬರುತ್ತೆ.

ಕುಡಿಯಬೇಕೆನಿಸಿದಾಗ ಒಂದೂವರೆ ಲೋಟ ನೀರಿಗೆ ಒಂದು ಚಮಚ ಪುಡಿ, ರುಚಿಗೆ ಬೆಲ್ಲ ಹಾಕಿ ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ ಸೋಸಿಕೊಳ್ಳಿ. ಹಾಲು ಬೇಕಿದ್ದರೆ ಒಲೆ ಆರಿಸಿದ ಮೇಲೆ ಬಿಸಿ ಹಾಲು ಬೆರೆಸಿ. ಬೆಲ್ಲ, ಹಾಲು ಎರಡನ್ನೂ ಒಟ್ಟಿಗೆ ಕುದಿಸಿದರೆ ಒಡೆದುಹೋಗುವ ಸಾಧ್ಯತೆ ಹೆಚ್ಚು.

ಕೋವಿಡ್ ಕಾಲದಲ್ಲಿ ಆಯುಷ್ ಸಚಿವಾಲಯ ಪ್ರಚಾರ ಮಾಡಿದ 'ಆಯುಷ್ ಕ್ವಾಥ' ಇದಕ್ಕಿಂತ ಸರಳ. ತುಳಸಿ 4 ಪಾಲು, ಚಕ್ಕೆ 2 ಪಾಲು, ಒಣಶುಂಠಿ 2 ಪಾಲು, ಕಾಳುಮೆಣಸು 1 ಪಾಲು. ಅದರಲ್ಲಿ ಹೇಳಿದ್ದು ಒಂದು ಸಲಕ್ಕೆ 3 ಗ್ರಾಂ ಪುಡಿ, 150 ಎಂ.ಎಲ್. ನೀರು. ಜನ ಅಳತೆ ಬಿಟ್ಟು ಕೈಗೆ ಬಂದಷ್ಟು ಹಾಕಿ ದಿನಕ್ಕೆ ನಾಲ್ಕೈದು ಸಲ ಕುಡಿದು ಎದೆಯುರಿ ತರಿಸಿಕೊಂಡದ್ದು ನೆನಪಿರಬಹುದು.

ಬಾಟಲಿಯಲ್ಲಿಡುವ ಶುಂಠಿ ಪಾಕ

ಆಫೀಸಿಗೆ ಹೋಗುವವರಿಗೆ ದಿನಾ ಕುದಿಸಿ ಸೋಸುವಷ್ಟು ಪುರುಸೊತ್ತು ಎಲ್ಲಿ? ಅವರಿಗೆ ಇದು ಅನುಕೂಲ. ಭಾನುವಾರ ಮುಕ್ಕಾಲು ಗಂಟೆ ಕೊಟ್ಟರೆ ಎರಡು ವಾರಕ್ಕಾಗುತ್ತೆ.

ಬೇಕಾದ್ದು: ಹಸಿಶುಂಠಿ 100 ಗ್ರಾಂ, ಕಾಳುಮೆಣಸು ಒಂದು ಚಿಕ್ಕ ಚಮಚ, ತುಳಸಿ ಎಲೆ ಒಂದು ಹಿಡಿ, ದೊಡ್ಡಪತ್ರೆ ನಾಲ್ಕೈದು ಎಲೆ, ನೀರು ಮೂರು ಕಪ್, ಬೆಲ್ಲದ ಪುಡಿ ಮುಕ್ಕಾಲು ಕಪ್, ಜೇನುತುಪ್ಪ ಅರ್ಧ ಕಪ್, ಒಂದು ನಿಂಬೆಹಣ್ಣು. ದೊಡ್ಡಪತ್ರೆಯನ್ನು ಕರಾವಳಿ ಕಡೆಯವರು ಸಾಂಬ್ರಾಣಿ ಸೊಪ್ಪು ಅಂತಾರೆ. ಬಾಲ್ಕನಿಯ ಕುಂಡದಲ್ಲಿ ಒಂದು ಕಡ್ಡಿ ನೆಟ್ಟರೂ ಬರುತ್ತೆ. ಸಾಗರ, ಶಿರಸಿ ಕಡೆಯ ನೆಂಟರಿದ್ದರೆ ಬೆಲ್ಲದ ಪುಡಿಯ ಬದಲು ಅರ್ಧ ಕಪ್ ಜೋನಿ ಬೆಲ್ಲ ತರಿಸಿಕೊಳ್ಳಿ. ಅದು ಮೊದಲೇ ಪಾಕದ ಹದದಲ್ಲಿರುವುದರಿಂದ ಅರ್ಧ ಕೆಲಸ ಮುಗಿದಂತೆ.

ಶುಂಠಿಯನ್ನು ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ಹೆರೆದು, ಕುಟ್ಟಾಣಿಯಲ್ಲಿ ಜಜ್ಜಿ. ಮೆಣಸನ್ನೂ ಒಡೆದು ಹಾಕಿ. ಮೂರು ಕಪ್ ನೀರಿನಲ್ಲಿ ಸಣ್ಣ ಉರಿಯಲ್ಲಿ, ಒಂದು ಕಪ್ ಉಳಿಯುವವರೆಗೆ ಕುದಿಸಿ. ಅರ್ಧ ಗಂಟೆ ಹಿಡಿಯುತ್ತೆ. ತುಳಸಿ, ದೊಡ್ಡಪತ್ರೆ ಕೊನೆಯ ಐದು ನಿಮಿಷಕ್ಕೆ ಸಾಕು. ಮೊದಲೇ ಹಾಕಿದರೆ ಅದರ ಘಮವೆಲ್ಲ ಹಬೆಯ ಜೊತೆ ಹೋಗುತ್ತೆ. ಬಟ್ಟೆಯಲ್ಲಿ ಸೋಸಿ, ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಶುಂಠಿಯ ಬಿಳಿ ಗಸಿ ಕೂರುತ್ತೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ, ಇಲ್ಲವಾದರೆ ಪಾಕ ಗಂಜಿಯಂತಾಗುತ್ತೆ.

ಈ ತಿಳಿಗೆ ಬೆಲ್ಲ ಹಾಕಿ ಕರಗಿಸಿ, ಕಸವಿದ್ದರೆ ಇನ್ನೊಮ್ಮೆ ಸೋಸಿ, ಬೆರಳಿಗೆ ಅಂಟುವಷ್ಟು ಕುದಿಸಿ. ಒಂದೆಳೆ ಪಾಕಕ್ಕೆ ಸ್ವಲ್ಪ ಮೊದಲೇ ಇಳಿಸಬೇಕು, ಆರಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಗುತ್ತೆ. ಬೆರಳು ಅದ್ದಿದರೆ ಸುಡದಷ್ಟು ಬೆಚ್ಚಗಾದ ಮೇಲೆ ನಿಂಬೆರಸ, ಜೇನು ಬೆರೆಸಿ. ಜೇನನ್ನು ಕಾಯಿಸಬಾರದು ಅಂತ ಆಯುರ್ವೇದ ಹೇಳುತ್ತೆ. ಅದರ ಪರಿಮಳ ಉಳಿಯಬೇಕೆಂದರೂ ಕುದಿಸದಿರುವುದೇ ಒಳ್ಳೆಯದು.

ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ. ಮುಚ್ಚಳದ ಮೇಲೆ ಮಾಡಿದ ತಾರೀಖು ಬರೆದಿಡಿ. ಎರಡು ವಾರಕ್ಕೆ ಮುಗಿಸಿ, ಉಳಿದರೆ ಚೆಲ್ಲಿ. ಒದ್ದೆ ಚಮಚ, ನೆಕ್ಕಿದ ಚಮಚ ಒಳಗೆ ಹಾಕಬೇಡಿ. ಇನ್ನೊಂದು ಮಾತು: ನಿಂಬೆ ಬಿದ್ದ ಮೇಲೆ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇದನ್ನು ಇಡಬಾರದು. ಹುಳಿ ಆ ಲೋಹವನ್ನು ಬಿಡಿಸಿಕೊಳ್ಳುತ್ತದೆ. ಸ್ಟೀಲ್ ಪಾತ್ರೆ ಸಾಕು.

ಮೊದಲ ಲೋಟ: ದುಡಿಯುವವರದ್ದು

ನನ್ನಂಥ, ನಿಮ್ಮಂಥ ಆರೋಗ್ಯವಂತ ದೊಡ್ಡವರಿಗೆ ಒಂದೆರಡು ಚಮಚ ಪಾಕವನ್ನು ಬಿಸಿನೀರಿಗೆ ಬೆರೆಸಿ ದಿನಕ್ಕೆ ಎರಡು-ಮೂರು ಸಲ ಕುಡಿಯಬಹುದು. ಅದರಿಂದ ಏನಾಗುತ್ತೆ?

ಸಿಹಿಯಾದ, ಅಂಟಂಟಾದ ಪಾಕ ಕೆರೆದುಕೊಂಡಿರುವ ಗಂಟಲಿನ ಮೇಲೆ ಒಂದು ಪದರದ ಹಾಗೆ ಕೂರುತ್ತೆ, ಜೊಲ್ಲು ಹೆಚ್ಚಿಸುತ್ತೆ. ಕೆಮ್ಮಬೇಕೆನ್ನುವ ಕಿರಿಕಿರಿ ಸ್ವಲ್ಪ ಹೊತ್ತು ತಗ್ಗುತ್ತೆ. ಶುಂಠಿ, ಮೆಣಸಿನ ಖಾರಕ್ಕೆ ಮೂಗು ಸಡಿಲವಾಗುತ್ತೆ. ಹಸಿಶುಂಠಿಗಿಂತ ಒಣಶುಂಠಿಗೆ ಖಾರ ಹೆಚ್ಚು ಯಾಕೆ ಗೊತ್ತಾ? ಹಸಿಯಲ್ಲಿರುವ ಜಿಂಜರಾಲ್ ಒಣಗುವಾಗ ಶೋಗಾಲ್ ಆಗಿ ಬದಲಾಗುತ್ತೆ, ಅದು ಇನ್ನೂ ಚುರುಕು. ಬಿಸಿನೀರು ಹೊಟ್ಟೆಗೆ ಹೋಗುವುದೇ ಒಂದು ಲಾಭ.

ಜೇನಿನ ವಿಷಯದಲ್ಲಿ ಅಜ್ಜಿಯ ಮಾತಿಗೆ ಸಂಶೋಧನೆಯ ಬೆಂಬಲವೂ ಇದೆ. ಮಕ್ಕಳ ಕೆಮ್ಮಿನ ಬಗ್ಗೆ 2018ರಲ್ಲಿ ಬಂದ ಕಾಕ್ರೇನ್ ಪರಿಶೀಲನೆ, ಏನೂ ಕೊಡದೆ ಇರುವುದಕ್ಕಿಂತ ಜೇನು ಕೊಟ್ಟರೆ ಕೆಮ್ಮು ಕಡಿಮೆಯಾಗುವ ಸಂಭವ ಹೆಚ್ಚು ಅಂತ ಹೇಳಿತು. 2020ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರೂ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿ ಅದೇ ದಿಕ್ಕಿನ ಮಾತು ಹೇಳಿದರು.

ಆದರೆ ಕಷಾಯ ವೈರಸ್ಸನ್ನು ಕೊಲ್ಲುವುದಿಲ್ಲ. ನೆಗಡಿ ತನ್ನ ಪಾಡಿಗೆ ಏಳರಿಂದ ಹತ್ತು ದಿನ ಇದ್ದು ಹೋಗುತ್ತೆ, ಕೆಮ್ಮು ಇನ್ನೂ ಒಂದು ವಾರ ಎಳೆಯಬಹುದು. ಕಷಾಯದಿಂದ ಸಿಗುವುದು ಆ ದಿನಗಳನ್ನು ಕಳೆಯುವುದಕ್ಕೆ ಬೇಕಾದ ಆರಾಮ. ನನಗಂತೂ ಅಷ್ಟು ಸಾಕು. ಯಾಕೆಂದರೆ ಆ ಆರಾಮ ಸಿಗದಿದ್ದಾಗಲೇ ಜನ ಮೆಡಿಕಲ್ ಶಾಪಿಗೆ ಹೋಗಿ "ಮೂರು ದಿನದ ಆ್ಯಂಟಿಬಯಾಟಿಕ್ ಕೊಡಿ" ಅನ್ನೋದು. ವೈರಸ್ ಮೇಲೆ ಆ್ಯಂಟಿಬಯಾಟಿಕ್ ಕೆಲಸವೇ ಮಾಡಲ್ಲ. ಮುಂದೆ ನಿಜವಾಗಿ ಬೇಕಾದಾಗ ಅದು ಕೈಕೊಡುವಂತೆ ಮಾಡುತ್ತೆ ಅಷ್ಟೆ.

ಎರಡನೇ ಲೋಟ: ಮೂರು ವರ್ಷದವಳದ್ದು

ನನ್ನ ಮಗಳಿಗೆ ದೊಡ್ಡವರ ಪಾಕ ಕೊಟ್ಟರೆ ಮನೆ ಹಾರಿಹೋಗುವ ಹಾಗೆ ಅಳುತ್ತಾಳೆ. ಅವಳದಕ್ಕೆ ಮೆಣಸು ಇಲ್ಲ, ಶುಂಠಿ ಹೆಸರಿಗಷ್ಟೇ. ಮಲಗುವ ಮುಂಚೆ ಅರ್ಧ ಚಿಕ್ಕ ಚಮಚ ಜೇನು, ಅದಕ್ಕೆ ಬಾಡಿಸಿ ಹಿಂಡಿದ ದೊಡ್ಡಪತ್ರೆ ರಸ ಎರಡು ಹನಿ. ಒಂದು ವರ್ಷ ದಾಟಿದ ಮಕ್ಕಳಿಗೆ ಅರ್ಧದಿಂದ ಒಂದು ಚಿಕ್ಕ ಚಮಚ ಜೇನು ಸಾಕು. ಆಮೇಲೆ ಹಲ್ಲುಜ್ಜಿಸಿ ಮಲಗಿಸಬೇಕು, ಇಲ್ಲದಿದ್ದರೆ ಕೆಮ್ಮು ಹೋಗಿ ಹುಳುಕು ಬಂತು ಅನ್ನೋ ಹಾಗಾಗುತ್ತೆ.

ಊಟಕ್ಕೆ ತೆಳು ಗಂಜಿ, ಬಿಸಿ ಮೆಣಸಿನ ಸಾರಿನ ತಿಳಿ, ಮಜ್ಜಿಗೆ ಬೇಡವೆನ್ನದಿದ್ದರೆ ದೊಡ್ಡಪತ್ರೆ ತಂಬುಳಿ. ಮಕ್ಕಳು ನೆಗಡಿಯಲ್ಲಿ ಕಡಿಮೆ ತಿಂದರೂ ಪರವಾಗಿಲ್ಲ, ನೀರಿನಂಶ ಕಡಿಮೆಯಾಗಬಾರದು. ಹಬೆ ಕೊಡುತ್ತೇವೆಂದು ಕುದಿಯುವ ನೀರಿನ ಪಾತ್ರೆಯ ಮೇಲೆ ಮಗುವನ್ನು ಬಗ್ಗಿಸಬೇಡಿ. ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಅಪಾಯ ನೆಗಡಿಗಿಂತ ಎಷ್ಟೋ ದೊಡ್ಡದು.

ಮೂರನೇ ಲೋಟ: ಮಾವನವರದ್ದು

ಮಾವನವರಿಗೆ ಜ್ಯೇಷ್ಠಮಧು ಅಂದರೆ ಪ್ರಾಣ. ಗಂಟಲು ಕೆರೆದರೆ ಒಂದು ಕಡ್ಡಿ ಬಾಯಲ್ಲಿ, ಕಷಾಯಕ್ಕೂ ಎರಡು ಕಡ್ಡಿ. ಕೆಮ್ಮು ಹೋದ ಮೇಲೂ ಅಭ್ಯಾಸ ನಿಲ್ಲುವುದಿಲ್ಲ. ಹಬ್ಬಕ್ಕೆ ಮೊದಲು ಬಿಪಿ ತೋರಿಸಲು ಹೋದಾಗ ಅದು ಮಾಮೂಲಿಗಿಂತ ಏರಿತ್ತು. ಡಾಕ್ಟರು "ಮಾತ್ರೆ ಬಿಟ್ಟಿದ್ದೀರಾ?" ಅಂತ ಕೇಳಿದರಂತೆ. "ಇಲ್ಲ ಸಾರ್, ದಿನಾ ತಗೊಳ್ತೀನಿ." "ಬೇರೆ ಏನಾದ್ರೂ ತಗೊಳ್ತಾ ಇದೀರಾ?" "ಏನೂ ಇಲ್ಲ." ಕಷಾಯವನ್ನು ಅವರು ಲೆಕ್ಕಕ್ಕೇ ತಗೊಂಡಿರಲಿಲ್ಲ. ಮನೆಯ ಅಡುಗೆಮನೆಯಲ್ಲಿ ಆದದ್ದು ಔಷಧಿಯಲ್ಲ ಅನ್ನುವುದು ನಮ್ಮ ಎಷ್ಟೋ ಹಿರಿಯರ ನಂಬಿಕೆ.

ಅದೃಷ್ಟಕ್ಕೆ ಡಾಕ್ಟರು ಬಿಡಿಸಿ ಕೇಳಿದರು. ಜ್ಯೇಷ್ಠಮಧುವಿನಲ್ಲಿರುವ ಗ್ಲೈಸಿರೈಜಿನ್ ಎಂಬ ಅಂಶ ಹೆಚ್ಚು ದಿನ ದೇಹಕ್ಕೆ ಹೋದರೆ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತೆ, ಪೊಟ್ಯಾಸಿಯಂ ಇಳಿಸುತ್ತೆ, ಬಿಪಿ ಏರಿಸುತ್ತೆ. ಮೂತ್ರ ಹೋಗಿಸುವ ಮಾತ್ರೆ, ಹೃದಯದ ಮಾತ್ರೆ ತಗೊಳ್ಳುವವರಿಗೆ ಪೊಟ್ಯಾಸಿಯಂ ಇಳಿಯುವುದು ಹುಡುಗಾಟದ ವಿಷಯವಲ್ಲ. ಎರಡು ದಿನ ಗಂಟಲಿಗೆ ಕಡ್ಡಿ ಅಗಿದರೆ ಆಕಾಶ ಬೀಳುವುದಿಲ್ಲ, ಆದರೆ ತಿಂಗಳುಗಟ್ಟಲೆ ಅಭ್ಯಾಸ ಬೇರೆ ಮಾತು. ಅಂದಿನಿಂದ ನಮ್ಮನೆ ಕಷಾಯದಲ್ಲಿ ಜ್ಯೇಷ್ಠಮಧು ಇಲ್ಲ. ಮುಂದಿನ ಸಲ ತೋರಿಸಿದಾಗ ಬಿಪಿ ಇಳಿದಿತ್ತು. ಮಾವನವರ ಬೇಸರ ಮಾತ್ರ ಇನ್ನೂ ಇಳಿದಿಲ್ಲ!

ಸಕ್ಕರೆ ಕಾಯಿಲೆ ಇರುವವರ ಲೋಟಕ್ಕೂ ಇದೇ ಎಚ್ಚರ. ಬೆಲ್ಲ, ಜೇನು ಎರಡೂ ಸಕ್ಕರೆಯ ಬಂಧುಗಳೇ. "ನ್ಯಾಚುರಲ್" ಅಂದ ಮಾತ್ರಕ್ಕೆ ಗ್ಲುಕೋಮೀಟರ್ ರಿಯಾಯಿತಿ ಕೊಡುವುದಿಲ್ಲ. ಅವರಿಗೆ ಸಿಹಿ ಇಲ್ಲದ ಕಷಾಯವೇ ಸರಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ದಿನಾ ಗಟ್ಟಿ ಕಷಾಯ ಕುಡಿಯುವ ಮುಂಚೆ ತಮ್ಮ ಡಾಕ್ಟರನ್ನು ಕೇಳಿಕೊಳ್ಳಲಿ. ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಮಾತ್ರೆಗಳ ಜೊತೆ ಮನೆಯಲ್ಲಿ ಕುಡಿಯುವ ಕಷಾಯ, ಲೇಹ್ಯ, ಪುಡಿಗಳ ಪಟ್ಟಿಯನ್ನೂ ಫೋನಿನಲ್ಲಿ ಬರೆದುಕೊಂಡು ಹೋಗಿ. ಎರಡು ನಿಮಿಷದ ಕೆಲಸ.

ನಾಲ್ಕನೇ ಲೋಟ: ಖಾಲಿಯಾಗೇ ಇರಬೇಕಾದದ್ದು

ಎಂಟು ತಿಂಗಳ ಕೂಸಿನ ವಿಷಯಕ್ಕೆ ಮನೆಯಲ್ಲಿ ಬಿಸಿ ಏರಿತು. ಅತ್ತೆ ಬೆರಳಿಗೆ ಜೇನು ಅದ್ದಿಕೊಂಡು ತೊಟ್ಟಿಲ ಹತ್ತಿರ ಹೊರಟಿದ್ದರು. ನಾದಿನಿ "ಅಮ್ಮಾ, ಬೇಡ" ಅಂದಳು. ಅತ್ತೆಗೆ ಸಿಟ್ಟು ಬಂತು. "ನಿನ್ನನ್ನ, ನಿಮ್ಮಣ್ಣನ್ನ ಜೇನು ನೆಕ್ಸೇ ಸಾಕಿದ್ದು ಕಣಮ್ಮ. ನೀವೇನು ಸತ್ತೋದ್ರಾ?" ಮಗಳು ಸುಮ್ಮನಾಗಿ ನನ್ನ ಮುಖ ನೋಡಿದಳು. ಸೊಸೆಯಾಗಿ ಅತ್ತೆಯ ಎದುರು, ಅದೂ ಅವರ ಮೊಮ್ಮಗುವಿನ ವಿಷಯದಲ್ಲಿ, ಬಾಯಿ ಹಾಕುವುದು ಎಷ್ಟು ನಾಜೂಕಿನ ಕೆಲಸ ಅಂತ ಅನುಭವಿಸಿದವರಿಗೇ ಗೊತ್ತು.

ವಿಷಯ ಮಾತ್ರ ಸ್ಪಷ್ಟ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲು ಜಾಗ ಸಿಗುವುದಿಲ್ಲ. ಕೂಸಿನ ಕರುಳು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅಲ್ಲಿ ಬೆಳೆದು ವಿಷ ತಯಾರಿಸಬಲ್ಲವು. ಮಲಬದ್ಧತೆ, ಅಳು ಕ್ಷೀಣಿಸುವುದು, ಹಾಲು ಚೀಪಲಾಗದೆ ಸೋಲುವುದು, ಮೈ ಬಟ್ಟೆಯ ಹಾಗೆ ಜೋತುಬೀಳುವುದು, ಕೊನೆಗೆ ಉಸಿರಿಗೂ ತೊಂದರೆ ಆಗುವಂಥ ಕಾಯಿಲೆ ಅದು. ಅಪರೂಪದ್ದು, ಹಾಗಾಗಿಯೇ ಹಿಂದಿನವರ ಕಣ್ಣಿಗೆ ಬಿದ್ದಿಲ್ಲ. ತುಡುವೆ ಜೇನಾಗಲಿ, ಹೆಜ್ಜೇನಾಗಲಿ, ಕೊಡಗಿನದ್ದಾಗಲಿ, ಸ್ವಂತ ತೋಟದ ಪೆಟ್ಟಿಗೆಯದ್ದಾಗಲಿ, ವ್ಯತ್ಯಾಸವಿಲ್ಲ. ಕುದಿಸಿದರೂ ಪ್ರಯೋಜನವಿಲ್ಲ, ಆ ಬೀಜಾಣುಗಳು ನೀರು ಕುದಿಯುವ ಬಿಸಿಯನ್ನು ತಡೆದುಕೊಳ್ಳುತ್ತವೆ. ಆದ್ದರಿಂದ ಜೇನು ಬೆರೆಸಿದ ಪಾಕವೂ ಬೇಡ.

ನಾನು ಅತ್ತೆಗೆ ಇದನ್ನೆಲ್ಲ ಪಾಠದ ಹಾಗೆ ಹೇಳಲಿಲ್ಲ. "ಅತ್ತೆ, ನೀವು ಸಾಕಿದ್ದು ಸರಿಯಾಗೇ ಇದೆ, ಆಗ ಇದು ಯಾರಿಗೂ ಗೊತ್ತಿರಲಿಲ್ಲ. ಲಸಿಕೆ ಹಾಕೋ ಡಾಕ್ಟರೇ ಒಂದು ವರ್ಷ ತುಂಬೋವರೆಗೆ ಬೇಡ ಅಂದಿದ್ದಾರೆ. ನಾಲ್ಕು ತಿಂಗಳು ತಡೀರಿ, ಹುಟ್ಟುಹಬ್ಬಕ್ಕೆ ನೀವೇ ನೆಕ್ಸಿ" ಅಂದೆ. ನಾದಿನಿ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದಳು. ಅವರು ಅದನ್ನೇ ಹೇಳಿದರು. ಅತ್ತೆ ಒಂದು ನಿಮಿಷ ಸುಮ್ಮನಿದ್ದು, ಬೆರಳಿನ ಜೇನನ್ನು ತಾವೇ ನೆಕ್ಕಿಕೊಂಡು ಒಳಗೆ ಹೋದರು. ಸಂಜೆ ಪಕ್ಕದ ಮನೆಯವರು ಬಂದಾಗ "ವರ್ಷ ತುಂಬೋ ಗಂಟ ಜೇನು ಕೊಡಬಾರದಂತೆ ಕಣೇ" ಅಂತ ಅವರೇ ವಿವರಿಸುತ್ತಿದ್ದರು!

ಹಾಗಾದರೆ ಕೂಸಿಗೆ ಏನು ಮಾಡೋದು? ಎದೆಹಾಲು ಪದೇ ಪದೇ ಕೊಡುವುದು. ಮೂಗು ಕಟ್ಟಿದ್ದರೆ ಹಾಲು ಕುಡಿಸುವ ಮುಂಚೆ ಡಾಕ್ಟರು ಹೇಳಿದ ಉಪ್ಪುನೀರಿನ ಹನಿ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದು ನಮ್ಮಲ್ಲಿ ರೂಢಿ. ನೆಗಡಿಯಾದಾಗಲಂತೂ ಆ ಹೊಗೆ ಎಳೆಯ ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತೆ. ಮೂಗಿಗೆ ಎಣ್ಣೆ ಬಿಡುವುದೂ ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕರ್ಪೂರ ಬೆರೆಸಿದ ಎಣ್ಣೆ, ಮುಲಾಮು ಕೂಸಿನ ಹತ್ತಿರವೂ ಬೇಡ.

ಗಿಡದ್ದು ಅಂದಮೇಲೆ ಒಳ್ಳೇದೇ ಅಲ್ವಾ?

ಜರ್ಮನಿಯಲ್ಲಿರುವ ನನ್ನ ಕಸಿನ್ ಅಲ್ಲಿನ ಕಷಾಯದ ಕಥೆ ಹೇಳುತ್ತಾಳೆ. ಅವರಿಗೆ ನೆಗಡಿ ಕಾಲಕ್ಕೆ ಎಲ್ಡರ್‌ಬೆರಿ. ಸಣ್ಣ ಕಪ್ಪು ನೇರಳೆ ಬಣ್ಣದ ಹಣ್ಣು, ಗೊಂಚಲು ಗೊಂಚಲಾಗಿ ಬಿಡುತ್ತೆ. ಅದನ್ನು ಕುದಿಸಿ, ಸೋಸಿ, ಸಕ್ಕರೆ ಹಾಕಿ ಸಿರಪ್ ಮಾಡಿಡುತ್ತಾರೆ. ವಿಧಾನ ಹೆಚ್ಚು ಕಡಿಮೆ ನಮ್ಮ ಶುಂಠಿ ಪಾಕದ್ದೇ. ಆದರೆ ಆ ಗಿಡದ ಎಲೆ, ಕಡ್ಡಿ, ಹಸಿ ಹಣ್ಣುಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶಗಳಿರುತ್ತವೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲೆ-ಕಡ್ಡಿ ಸಮೇತ ಹಿಂಡಿದ ಹಸಿ ರಸ ಕುಡಿದ ಒಂದು ಗುಂಪಿನವರು ವಾಂತಿ, ತಲೆಸುತ್ತು ಬಂದು ಆಸ್ಪತ್ರೆ ಸೇರಬೇಕಾಯಿತು. ಅಲ್ಲಿನ ಅಜ್ಜಿಯರು ಕಡ್ಡಿ ಆರಿಸಿ ಚೆನ್ನಾಗಿ ಕುದಿಸುವುದು ಸುಮ್ಮನೆ ಅಲ್ಲ. ಅದರ ಗುಣದ ಬಗ್ಗೆಯೂ ಸಾಕ್ಷ್ಯ ಎರಡೂ ಕಡೆ ಎಳೆಯುತ್ತೆ: 2004ರಲ್ಲಿ ನಾರ್ವೆಯ ಒಂದು ಚಿಕ್ಕ ಅಧ್ಯಯನದಲ್ಲಿ ಫ್ಲೂ ಬೇಗ ಇಳಿಯಿತು, 2020ರಲ್ಲಿ ಅಮೆರಿಕದ ಅಧ್ಯಯನದಲ್ಲಿ ಯಾವ ಲಾಭವೂ ಕಾಣಲಿಲ್ಲ. ನಮ್ಮಲ್ಲೂ ಈಗ ಅದರ ಸಿರಪ್, ಗಮ್ಮಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಹಣ ಸುರಿಯುವ ಮುಂಚೆ ಇಷ್ಟು ತಿಳಿದಿರಲಿ.

ನಮ್ಮ ಅಮೃತಬಳ್ಳಿಯ ಕಥೆಯೂ ಹೀಗೇ. ಕೋವಿಡ್ ಸಮಯದಲ್ಲಿ ಮನೆಮನೆಯ ತಾರಸಿಗೆ ಹಬ್ಬಿದ ಬಳ್ಳಿ ಅದು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸುತ್ತಿದ್ದ ಕೆಲವರಲ್ಲಿ ಲಿವರ್‌ಗೆ ಹಾನಿಯಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡ ಗುರುತಿಸುವುದರಲ್ಲೇ ತಪ್ಪಿರಬಹುದು ಎಂದಿತು. ಈ ವಾದದಲ್ಲಿ ನಾವು ಯಾರ ಪಕ್ಷ ಹಿಡಿದರೂ, ಸ್ವಂತ ಗುರುತಿನ ಮೇಲೆ ಬಳ್ಳಿ ಕಿತ್ತು ತಿಂಗಳುಗಟ್ಟಲೆ ಕುಡಿಯುವುದು ಜಾಣತನವಲ್ಲ. ಅಡುಗೆಮನೆಯ ಸಾಂಬಾರದ ಡಬ್ಬಿಯಲ್ಲಿರುವ ಪದಾರ್ಥ, ಅಡುಗೆಗೆ ಹಾಕುವಷ್ಟೇ ಪ್ರಮಾಣ. ನಾನು ಪಾಲಿಸುವ ನಿಯಮ ಇಷ್ಟೇ.

ಪಾತ್ರೆ ಪಕ್ಕಕ್ಕಿಟ್ಟು ಹೊರಡಬೇಕಾದ ಹೊತ್ತು

ಕಷಾಯ ಕುಡಿಸುತ್ತ ಕೂರಬಾರದ ಲಕ್ಷಣಗಳನ್ನು ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಮಗು ಶಾಂತವಾಗಿರುವಾಗ, ಅಂಗಿ ಸರಿಸಿ, ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೊಂದು ತಿಂಗಳಿನವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ; ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು-ನೀರು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆ. ಎರಡು-ಮೂರು ತಿಂಗಳ ಕೂಸಿಗೆ ಜ್ವರ ಬಂತೆಂದರೆ ಬೇರೆ ಯಾವ ಲಕ್ಷಣಕ್ಕೂ ಕಾಯಬೇಡಿ.

ದೊಡ್ಡವರಿಗೂ ಮೂರು ದಿನ ದಾಟಿದ ಜ್ವರ, ಎದೆನೋವು, ಏದುಸಿರು, ಕಫದಲ್ಲಿ ರಕ್ತ, ಇಳಿದ ಜ್ವರ ಮತ್ತೆ ಏರುವುದು, ಎರಡು ವಾರ ದಾಟಿದ ಕೆಮ್ಮು ಇವಿಷ್ಟಕ್ಕೆ ಡಾಕ್ಟರೇ ಆಗಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ವಯಸ್ಸಾದವರು, ಗರ್ಭಿಣಿಯರು, ಅಸ್ತಮಾ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿಗೆ ಫ್ಲೂ ಅಂತ ಅನುಮಾನ ಬಂದರೆ ಮೊದಲ ಎರಡು ದಿನದೊಳಗೆ ತೋರಿಸುವುದು ಮುಖ್ಯ. ಫ್ಲೂ ವೈರಸ್ಸಿನ ಮಾತ್ರೆ ಬೇಗ ಶುರು ಮಾಡಿದಷ್ಟು ಕೆಲಸ ಮಾಡುತ್ತೆ. ಇವರೆಲ್ಲ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆಯೂ ಡಾಕ್ಟರ ಹತ್ತಿರ ಮಾತಾಡಲಿ. ಈ ಸಲ ನಮ್ಮ ಅತ್ತೆ-ಮಾವನಿಗೆ ಮಳೆಗಾಲಕ್ಕೆ ಮೊದಲೇ ಹಾಕಿಸಿದ್ದೇವೆ.

ಈ ಭಾನುವಾರ ಬಿಡುವಿದ್ದರೆ 100 ಗ್ರಾಂ ಶುಂಠಿ ತನ್ನಿ, ಪಾಕ ಮಾಡಿ. ಬಾಟಲಿಯ ಮೇಲೆ ಎರಡು ಸಾಲು ಬರೆದು ಅಂಟಿಸಿ: ಮಾಡಿದ ತಾರೀಖು, ಕೆಳಗೆ "ಒಂದು ವರ್ಷದೊಳಗಿನ ಮಕ್ಕಳಿಗೆ ಬೇಡ". ನೀವು ಆಫೀಸಿನಲ್ಲಿರುವಾಗ ಮನೆಗೆ ಬಂದ ನೆಂಟರ ಕೈಗೆ ಆ ಬಾಟಲಿ ಸಿಕ್ಕರೂ ಅವರು ಅದನ್ನು ಓದಿಕೊಳ್ಳುತ್ತಾರೆ.